ವಸಂತದ ಕರಡಿಬೇಟೆ ಮತ್ತು ಹೊಡೆದವನ ಹೊಣೆ

ದಶರಥನು ಶಬ್ದವೇಧಿಯೆಂದು ಹೆಸರಾಗಿದ್ದವನು. ಕಣ್ಣಿಗೆ ಕಾಣದ ಗುರಿಯನ್ನು ಕೇವಲ ಕಿವಿಯ ಸಹಾಯದಿಂದ ಹೊಡೆಯಬಲ್ಲ ಬಿಲ್ಲುಗಾರ. ಮಳೆಗಾಲದ ಒಂದು ರಾತ್ರಿ ಸರಯೂ ತೀರದಲ್ಲಿ, ಕೊಡಕ್ಕೆ ನೀರು ತುಂಬುವ ಸದ್ದನ್ನು ಕೇಳಿ, ಆನೆಯೊಂದು ನೀರು ಕುಡಿಯುತ್ತಿರುವುದೆಂದು ಬಗೆದು ಬಾಣವನ್ನು ಬಿಟ್ಟನು. ಮುಂದಿನ ಕಥೆ ಎಲ್ಲರಿಗೂ ತಿಳಿದದ್ದೇ ಆಗಿದೆ. ಆದರೆ ಅದರಲ್ಲಿ ನಾವು ಸಾಮಾನ್ಯವಾಗಿ ಗಮನಿಸದೆ ಬಿಡುವ ಒಂದು ಸಂಗತಿಯುಂಟು. ಮನುಷ್ಯನ ಕೂಗನ್ನು ಕೇಳಿದ ಅರಸನು ಆ ಕತ್ತಲೆಯಲ್ಲಿ ರಥವನ್ನೇರಿ ಹೊರಟುಹೋಗಬಹುದಾಗಿತ್ತು. ಕಂಡವರು ಯಾರೂ ಇರಲಿಲ್ಲ. ಅವನು ಹಾಗೆ ಮಾಡಲಿಲ್ಲ. ಬಾಣ ಹೋದ ದಾರಿಯಲ್ಲಿ ತಾನೂ ಹೋದನು, ಬಿದ್ದವನನ್ನು ಕಂಡನು, ನಾಟಿದ ಬಾಣವನ್ನು ಕಿತ್ತನು, ಕೊಡವನ್ನು ಎತ್ತಿಕೊಂಡು, ಆ ನೀರಿಗಾಗಿ ಕಾದು ಕುಳಿತಿದ್ದ ಕುರುಡು ತಂದೆತಾಯಿಗಳ ಬಳಿಗೆ ಹೋಗಿ, ತನ್ನ ತಪ್ಪನ್ನು ತಾನೇ ಹೇಳಿಕೊಂಡು ಶಾಪವನ್ನು ಪಡೆದನು.

ಬೇಟೆಯ ಧರ್ಮಕ್ಕೆ ಸಂಬಂಧಪಟ್ಟ ಎರಡು ಮಾತುಗಳು ಈ ಕಥೆಯಲ್ಲಿ ಅಡಗಿವೆ. ಬಾಣ ಬಿಟ್ಟವನು ಬಾಣದ ಹಿಂದೆ ಹೋಗಬೇಕೆಂಬುದು ಮೊದಲನೆಯದು. ಬಾಣ ತಾಗಿದ ಜೀವದ ಹಿಂದೆ, ಅದನ್ನೇ ನಂಬಿಕೊಂಡು ಕಣ್ಣಿಗೆ ಕಾಣದೆ ಇರುವ ಬೇರೆ ಜೀವಗಳು ಇರಬಹುದೆಂಬುದು ಎರಡನೆಯದು. ಮೊದಲನೆಯದನ್ನು ದಶರಥನು ನೆರವೇರಿಸಿದನು. ಎರಡನೆಯದು ಅವನಿಗೆ ತಿಳಿಯುವ ಹೊತ್ತಿಗೆ ಕಾಲ ಮೀರಿಹೋಗಿತ್ತು.

ಈ ಎರಡು ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ನಮ್ಮಿಂದ ಬಹುದೂರದ ಉತ್ತರ ಅಮೆರಿಕಾ ಖಂಡದ ಒಂದು ಬೇಟೆಯ ಚರಿತ್ರೆಯನ್ನು ಇಂದು ನೋಡೋಣ. ದೂರದ ವಿಷಯವನ್ನು ಏಕೆ ಎತ್ತಿಕೊಂಡಿರೆಂದು ಯಾರಾದರೂ ಕೇಳಬಹುದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಷಿಕಾರಿಯ ಹವ್ಯಾಸಕ್ಕೆ ತೆರೆ ಎಳೆಯಿತು. ಇಂದು ಬೇಟೆಯ ನ್ಯಾಯಾನ್ಯಾಯಗಳನ್ನು ನಾವು ಪುರಾಣಗಳನ್ನೋ ಹಳೆಯ ಷಿಕಾರಿಯ ಪುಸ್ತಕಗಳನ್ನೋ ಓದುವಾಗ ಮಾತ್ರ ಚರ್ಚಿಸುತ್ತೇವೆ. ಅಮೆರಿಕಾದಲ್ಲಿಯೂ ಕೆನಡಾದಲ್ಲಿಯೂ ಹಾಗಲ್ಲ. ಅಲ್ಲಿ ಕರಡಿಯ ಬೇಟೆ ಅನೇಕ ಕಡೆಗಳಲ್ಲಿ ಕಾಯಿದೆಗೆ ಒಳಪಟ್ಟು ಇಂದಿಗೂ ನಡೆಯುತ್ತಿದೆ. ಅದು ಸರಿಯೇ ತಪ್ಪೇ ಎಂಬುದನ್ನು ಸಾಮಾನ್ಯ ಜನರು ಮತ ಹಾಕಿ ತೀರ್ಮಾನಿಸಿದ ಸಂದರ್ಭಗಳೂ ಉಂಟು. ಒಂದು ನೈತಿಕ ಪ್ರಶ್ನೆಯು ಕಾಯಿದೆಯಾಗಿ ಮಾರ್ಪಡುವ ಬಗೆಯನ್ನು ನೋಡಬೇಕೆನ್ನುವವರಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸುಲಭವಾಗಿ ದೊರೆಯಲಾರದು.

ಮೊದಲು ಪ್ರಾಣಿಯ ಪರಿಚಯವನ್ನು ಮಾಡಿಕೊಳ್ಳೋಣ. ಅಮೆರಿಕಾದ ಕಪ್ಪು ಕರಡಿಯು ಆ ಖಂಡವನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಇಲ್ಲ. ಅಲಾಸ್ಕದಿಂದ ಹಿಡಿದು ಮೆಕ್ಸಿಕೋ ದೇಶದ ಉತ್ತರ ಭಾಗದವರೆಗೆ ಅದು ಹಬ್ಬಿದೆ; ಅದರ ಸಂಖ್ಯೆ ಹಲವು ಲಕ್ಷ. ನಮ್ಮ ದರೋಜಿಯ ಬೆಟ್ಟಗಳಲ್ಲಿರುವ ಕರಡಿಗೂ ಅದಕ್ಕೂ ದೂರದ ನಂಟುಂಟಾದರೂ ನಡವಳಿಕೆಯಲ್ಲಿ ಬಹಳ ಅಂತರವಿದೆ. ನಮ್ಮ ಕರಡಿಯು ಗೆದ್ದಲನ್ನು ಹೀರಿ ವರ್ಷವೆಲ್ಲ ಎಚ್ಚರವಾಗಿಯೇ ಇರುವುದು. ಅಲ್ಲಿಯ ಕರಡಿಯು ಶರತ್ಕಾಲದಲ್ಲಿ ಹಣ್ಣು, ಕಾಯಿ, ಬೀಜಗಳನ್ನು ತಿಂದು ಮೈತುಂಬ ಕೊಬ್ಬನ್ನು ಕೂಡಿಸಿಕೊಂಡು, ಹಿಮ ಬೀಳುವ ಹೊತ್ತಿಗೆ ಗುಹೆಯನ್ನೋ ಮರದ ಪೊಟರೆಯನ್ನೋ ಸೇರಿ ನಿದ್ರಿಸುವುದು. ತಿಂಗಳುಗಟ್ಟಲೆ ಅನ್ನವಿಲ್ಲ, ನೀರಿಲ್ಲ. ಆ ನಿದ್ರೆಯ ನಡುವೆಯೇ, ಜನವರಿ ಫೆಬ್ರುವರಿಗಳಲ್ಲಿ, ಹೆಣ್ಣು ಕರಡಿಯು ಮರಿ ಹಾಕುವುದು. ಸಾಮಾನ್ಯವಾಗಿ ಎರಡು ಮರಿಗಳು. ಹುಟ್ಟಿದಾಗ ಮರಿಯ ತೂಕ ಅರ್ಧ ಕಿಲೋಗ್ರಾಮಿಗೂ ಕಡಿಮೆ. ಆ ಮರಿಗಳು ಮುಂದಿನ ವರ್ಷದ ಬೇಸಗೆಯವರೆಗೆ, ಅಂದರೆ ಸುಮಾರು 16-17 ತಿಂಗಳ ಕಾಲ, ತಾಯಿಯ ಜೊತೆಯಲ್ಲಿಯೇ ಬೆಳೆಯುವುವು.

ಹಿಮ ಕರಗುವ ಮಾರ್ಚಿಯಿಂದ ಮೇ ತಿಂಗಳವರೆಗೆ ಕರಡಿಗಳು ಒಂದೊಂದಾಗಿ ಗುಹೆಯಿಂದ ಹೊರಬರುತ್ತವೆ. ದೊಡ್ಡ ಗಂಡು ಕರಡಿಗಳು ಮೊದಲು. ಮರಿಗಳಿರುವ ತಾಯಿ ಎಲ್ಲರಿಗಿಂತ ಕಡೆಗೆ. ಬಂದವು ಎಳೆಯ ಹುಲ್ಲನ್ನು ಮೇಯುತ್ತ ಬಿಸಿಲು ಬೀಳುವ ಗುಡ್ಡದ ಓರೆಗಳಲ್ಲಿ ನಿಲ್ಲುತ್ತವೆ. ಗಿಡಮರಗಳು ಇನ್ನೂ ಚಿಗುರದ ಕಾಲವಾದುದರಿಂದ ಮೈಲಿ ದೂರದಿಂದಲೂ ಕಣ್ಣಿಗೆ ಬೀಳುತ್ತವೆ. ಚಳಿಗಾಲದ ತುಪ್ಪುಳು ಉದುರಿರುವುದಿಲ್ಲವಾಗಿ ತೊಗಲು ಬೆಲೆ ಬಾಳುವ ಸ್ಥಿತಿಯಲ್ಲಿರುತ್ತದೆ. ಬೇಟೆಗಾರನು ವಸಂತವನ್ನು ಮೆಚ್ಚುವುದಕ್ಕೆ ಇವೇ ಕಾರಣಗಳು. ಆದರೆ ಕೊಬ್ಬು ಕರಗಿ ಮೈ ಸೊರಗಿರುವ ಕಾಲವೂ ಇದೇ. ತೊಗಲು ಉತ್ತಮ, ಮಾಂಸ ಅಲ್ಪ. ಇದರಿಂದ ಹುಟ್ಟುವ ದುರಾಸೆಯು ಸುಲಭವಾಗಿ ಊಹಿಸಬಹುದಾದುದು: ತೊಗಲನ್ನೂ ತಲೆಯನ್ನೂ ಕೊಯ್ದುಕೊಂಡು ಉಳಿದುದನ್ನು ಕಾಡಿನಲ್ಲಿಯೇ ಬಿಟ್ಟುಬರುವುದು. ವಸಂತದ ಕರಡಿಬೇಟೆಯ ನೀತಿಯ ಪ್ರಶ್ನೆಗಳೆಲ್ಲ ಈ ಋತುವಿನ ಸ್ವಭಾವದಿಂದಲೇ ಹುಟ್ಟಿದವು.

ಬಿಳಿಯರು ಆ ಖಂಡಕ್ಕೆ ಹೋಗುವುದಕ್ಕೆ ಎಷ್ಟೋ ಕಾಲ ಮುಂಚೆಯೇ ಅಲ್ಲಿಯ ಮೂಲನಿವಾಸಿಗಳು ಕರಡಿಯನ್ನು ಬೇಟೆಯಾಡುತ್ತಿದ್ದರು. ಅದೂ ಬಹುಮಟ್ಟಿಗೆ ಚಳಿಗಾಲದ ಕೊನೆ ಅಥವಾ ವಸಂತದ ಮೊದಲಲ್ಲಿ, ಗುಹೆಯ ಬಾಯಲ್ಲಿಯೇ. 1926ರಲ್ಲಿ ಹ್ಯಾಲೊವೆಲ್ ಎಂಬ ಮಾನವಶಾಸ್ತ್ರಜ್ಞರು ಭೂಮಿಯ ಉತ್ತರಾರ್ಧದ ಜನಾಂಗಗಳ ಕರಡಿಯ ಆಚರಣೆಗಳನ್ನು ಒಂದೆಡೆ ಕೂಡಿಸಿ ದೀರ್ಘವಾದ ಪ್ರಬಂಧವೊಂದನ್ನು ಪ್ರಕಟಿಸಿದರು. ಕ್ರೀ, ಒಜಿಬ್ವೆ ಮೊದಲಾದ ಜನರ ಪದ್ಧತಿಗಳು ಅದರಲ್ಲಿ ವಿವರವಾಗಿ ಬಂದಿವೆ. ಬೇಟೆಗಾರನು ಕರಡಿಯನ್ನು ಅಜ್ಜನೆಂದೋ ಅಜ್ಜಿಯೆಂದೋ ಸಂಬೋಧಿಸಿ ಮಾತನಾಡಿಸುವನು; ಕೊಂದ ಮೇಲೆ ಕ್ಷಮೆ ಬೇಡುವನು; ಹೊಗೆಸೊಪ್ಪನ್ನು ಅರ್ಪಿಸುವನು. ಮಾಂಸವನ್ನು ಎಲ್ಲರೂ ಹಂಚಿಕೊಂಡು ತಿನ್ನುವರು. ಎಲುಬುಗಳನ್ನು ನಾಯಿಗಳು ಮುಟ್ಟದಂತೆ ಕಾಪಾಡುವರು. ತಲೆಬುರುಡೆಯನ್ನು ಶುಚಿಮಾಡಿ ಮರದ ಮೇಲೆ ಎತ್ತಿ ಕಟ್ಟುವರು. ಹಾಗೆ ಮಾಡದಿದ್ದರೆ ಮುಂದೆ ಕರಡಿಗಳು ತಮಗೆ ದೊರೆಯಲಾರವೆಂಬುದು ಅವರ ನಂಬಿಕೆ.

ಇದನ್ನು ಮೂಢನಂಬಿಕೆಯೆಂದು ಒಂದು ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆದರೆ ಇದರ ಫಲವೇನೆಂಬುದನ್ನು ನೋಡಬೇಕು. ಕೊಂದ ಪ್ರಾಣಿಯ ಒಂದು ಎಲುಬನ್ನೂ ಕಡೆಗಣಿಸಬಾರದೆಂಬ ಮನಸ್ಸುಳ್ಳವನು ಪ್ರಾಣಿಯನ್ನೇ ಕಾಡಿನಲ್ಲಿ ಬಿಟ್ಟುಬರಲಾರನು. ಇಂತಹ ಮನಸ್ಸು ನಮ್ಮ ನಾಡಿಗೂ ಅಪರಿಚಿತವಲ್ಲ. ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಶಾಸನವನ್ನು ನೋಡಿದವರಿಗೆ ಇದು ತಿಳಿದಿರುವುದು. ತಕ್ಕೋಲದ ಯುದ್ಧದ ಬಳಿಕ ಮಣಲೇರನೆಂಬ ವೀರನು ಮೂರನೆಯ ಕೃಷ್ಣನಿಂದ ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಅದನ್ನು ಹಂದಿಯ ಬೇಟೆಗೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತುವು. ಮಣಲೇರನು ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ನಡೆಯದೆ ಪೂಜಾರಿಯು ಊಟ ಮಾಡಬಾರದೆಂದು ಕಟ್ಟು ಮಾಡಿದನು. ಕ್ರಿ.ಶ. 949-50ರ ಮಾತು ಇದು. ಬೇಟೆಯಲ್ಲಿ ಬಿದ್ದ ಜೀವದ ವಿಷಯದಲ್ಲಿ ತನಗೆ ಒಂದು ಋಣವಿದೆಯೆಂದು ಆ ವೀರನೂ ತಿಳಿದಿದ್ದನು.

ಅಮೆರಿಕಾದ ಗಡಿನಾಡುಗಳಲ್ಲಿ ನೆಲಸಿದ ಬಿಳಿಯರಿಗೆ ಇಂತಹ ಆಚರಣೆಗಳಿರಲಿಲ್ಲ. ಅವರಲ್ಲಿ ಇದ್ದುದು ಅಗತ್ಯ. ಟೆನ್ನೆಸೀ ಸಂಸ್ಥಾನದ ಡೇವಿ ಕ್ರಾಕೆಟ್ ಎಂಬಾತನು 1834ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ತಾನು ಒಂದು ವರ್ಷಕ್ಕೂ ಕಡಿಮೆ ಅವಧಿಯಲ್ಲಿ 105 ಕರಡಿಗಳನ್ನು ಕೊಂದುದಾಗಿ ಹೇಳಿಕೊಂಡಿದ್ದಾನೆ. ಅವುಗಳಲ್ಲಿ 47 ಕರಡಿಗಳು ವಸಂತದಲ್ಲಿ, ಅವು ಗುಹೆಗಳಿಂದ ಹೊರಬರುವ ಕಾಲದಲ್ಲಿ, ಸುಮಾರು ಒಂದೇ ತಿಂಗಳಿನಲ್ಲಿ ಸತ್ತವು. ಹೆಮ್ಮೆಯ ಮಾತಿನಲ್ಲಿ ಉತ್ಪ್ರೇಕ್ಷೆಯಿರಬಹುದು. ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಪ್ರಸಂಗವಿದೆ. 1811-12ರ ಭೂಕಂಪಗಳಿಂದ ನೆಲವೆಲ್ಲ ಬಿರುಕು ಬಿಟ್ಟಿದ್ದ ಪ್ರದೇಶ ಅದು. ಚಳಿಯ ರಾತ್ರಿಯೊಂದರಲ್ಲಿ ಅವನ ಗುಂಡು ತಗುಲಿದ ಕರಡಿಯೊಂದು ನಾಯಿಗಳೊಡನೆ ಹೋರಾಡುತ್ತ ಅಂತಹ ಬಿರುಕಿನಲ್ಲಿ ಇಳಿಯಿತು. ಕತ್ತಲೆಯಲ್ಲಿ ಗುರಿ ಹಿಡಿಯಲಾಗದೆ, ಕ್ರಾಕೆಟನು ತಾನೇ ಬಿರುಕಿಗೆ ಇಳಿದು, ಕೈಯಿಂದ ತಡವಿ ನೋಡಿ, ಚೂರಿಯಿಂದ ಅದನ್ನು ಕೊಂದನು. ಬೆಂಕಿ ಹತ್ತಲಿಲ್ಲ, ಬಟ್ಟೆಗಳು ಒದ್ದೆಯಾಗಿದ್ದವು. ಚಳಿಯಿಂದ ಸಾಯದಿರಲೆಂದು ಬೆಳಗಾಗುವವರೆಗೂ ಮರವನ್ನು ಹತ್ತುವುದು, ಜಾರಿ ಇಳಿಯುವುದು, ಮತ್ತೆ ಹತ್ತುವುದು, ಹೀಗೆಯೇ ಮಾಡಿ ಮೈ ಕಾಯಿಸಿಕೊಂಡನಂತೆ. ಕರಡಿಯ ಮಾಂಸವು ಮನೆಯ ಚಳಿಗಾಲದ ಆಹಾರ. ಅದನ್ನು ಬಿಟ್ಟು ಹೋಗುವ ಯೋಚನೆಯೇ ಅವನಿಗೆ ಬರಲಿಲ್ಲ. ನೂರು ಕರಡಿಗಳನ್ನು ಕೊಂದವನನ್ನು ದಯಾಳುವೆಂದು ನಾವು ಹೇಳುವಂತಿಲ್ಲ. ಆದರೆ ಹೊಡೆದುದನ್ನು ಕಾಡಿಗೆ ಬಿಟ್ಟು ಬರುವವನಾಗಿರಲಿಲ್ಲವೆಂದು ಹೇಳಬಹುದು.

ಈ ಅಗತ್ಯದ ಕಟ್ಟು ಸಡಿಲವಾದುದು ರೈಲ್ವೆಯೂ ಚರ್ಮದ ವ್ಯಾಪಾರವೂ ಬಂದ ಮೇಲೆ. 1870ರ ದಶಕದಲ್ಲಿ ಬಯಲುಸೀಮೆಯ ಕಾಡೆಮ್ಮೆಗಳಿಗೆ ಒದಗಿದ ಗತಿ ಲೋಕಪ್ರಸಿದ್ಧವಾದುದು. ಚರ್ಮವನ್ನು ಸುಲಿದು ಮಾಂಸವನ್ನು ಕೊಳೆಯಲು ಬಿಟ್ಟರು. ಹೆಣ್ಣು ಕಾಡೆಮ್ಮೆಗಳನ್ನು ಕೊಲ್ಲುವುದನ್ನೂ ಆಹಾರಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿ ಕೊಲ್ಲುವುದನ್ನೂ ತಡೆಯಬೇಕೆಂದು 1874ರಲ್ಲಿ ಅಮೆರಿಕಾದ ಶಾಸನಸಭೆಗಳು ಮಸೂದೆಯೊಂದನ್ನು ಅಂಗೀಕರಿಸಿದುವು. ಅಧ್ಯಕ್ಷ ಗ್ರಾಂಟನು ಅದಕ್ಕೆ ಸಹಿ ಹಾಕದೆ ಬಿಟ್ಟುದರಿಂದ ಅದು ಅಲ್ಲಿಯೇ ಸತ್ತಿತು. 1889ರಲ್ಲಿ ಹಾರ್ನಡೇ ಎಂಬುವರು ಲೆಕ್ಕ ಹಾಕಿದಾಗ ಇಡೀ ಖಂಡದಲ್ಲಿ ಉಳಿದಿದ್ದ ಕಾಡೆಮ್ಮೆಗಳು ಸಾವಿರಕ್ಕೆ ಸ್ವಲ್ಪ ಮೇಲ್ಪಟ್ಟು. ಕೊಂದುದನ್ನು ವ್ಯರ್ಥವಾಗಿ ಬಿಡುವುದು ಕೇವಲ ಅಸಹ್ಯವಲ್ಲ, ಅಪರಾಧ ಎಂಬ ಭಾವನೆಯು ಆ ಜನರ ಕಾಯಿದೆಗಳಲ್ಲಿ ಬೇರೂರಿದುದು ಈ ಅನುಭವದಿಂದ. 1872ರಲ್ಲಿ ಯೆಲೋಸ್ಟೋನ್ ಉದ್ಯಾನವನ್ನು ಸ್ಥಾಪಿಸಿದ ಕಾಯಿದೆಯಲ್ಲಿಯೇ ಮೃಗಗಳ ವ್ಯರ್ಥನಾಶವನ್ನು ತಡೆಯಬೇಕೆಂಬ ಮಾತು ಬಂದಿತ್ತು. 1900ರ ಲೇಸಿ ಕಾಯಿದೆಯು ಕಾನೂನಿಗೆ ವಿರುದ್ಧವಾಗಿ ಕೊಂದ ಮೃಗಗಳನ್ನು ಸಂಸ್ಥಾನದಿಂದ ಸಂಸ್ಥಾನಕ್ಕೆ ಸಾಗಿಸಿ ಮಾರುವುದನ್ನು ತಡೆಯಿತು.

ಕರಡಿಗೆ ಈ ಕಾಯಿದೆಗಳ ನೆರಳು ದೊರೆತುದು ತಡವಾಗಿ. ಜಿಂಕೆ ಕಡವೆಗಳು ಗೌರವದ ಮೃಗಗಳೆನಿಸಿದ್ದ ಕಾಲದಲ್ಲಿಯೂ ಕರಡಿಯು ಕುರಿ ಹಂದಿಗಳನ್ನು ಹಿಡಿಯುವ ಪೀಡೆಯೆನಿಸಿತ್ತು. ಕೊಲರಾಡೋ ಸಂಸ್ಥಾನವು 1935ರಲ್ಲಿ ಅದನ್ನು ಬೇಟೆಯ ಮೃಗಗಳ ಪಟ್ಟಿಗೆ ಸೇರಿಸಿತು. ಕೆನಡಾದ ಆಂಟೇರಿಯೋ ಪ್ರಾಂತದಲ್ಲಿ 1961ರವರೆಗೂ ಕರಡಿಯನ್ನು ಕೊಂದವರಿಗೆ ಸರಕಾರದಿಂದ ಬಹುಮಾನ ದೊರೆಯುತ್ತಿತ್ತು. ಪೀಡೆಯೆನಿಸಿದ ಪ್ರಾಣಿಯನ್ನು ಹೊಡೆದವನು ಅದರ ಹಿಂದೆ ಹೋಗಬೇಕೆಂದು ಯಾರೂ ಹೇಳುವುದಿಲ್ಲ. ಇಲಿಗೆ ವಿಷವಿಟ್ಟವನು ಇಲಿಯನ್ನು ಹುಡುಕಿಕೊಂಡು ಹೋಗುವನೇ?

ಈ ನಡುವೆ ಜನರ ಮನಸ್ಸಿನಲ್ಲಿ ಕರಡಿಯ ಚಿತ್ರವನ್ನೇ ಬದಲಾಯಿಸಿದ ಒಂದು ಘಟನೆ ನಡೆಯಿತು. 1902ರ ನವೆಂಬರಿನಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಮಿಸಿಸಿಪಿ ಸಂಸ್ಥಾನಕ್ಕೆ ಕರಡಿಬೇಟೆಗೆಂದು ಹೋದರು. ಹಿಂದೆ ಗುಲಾಮನಾಗಿದ್ದು ಬಳಿಕ ಹೆಸರಾಂತ ಬೇಟೆಗಾರನಾದ ಹೋಲ್ಟ್ ಕಾಲಿಯರ್ ಎಂಬಾತನು ಅವರ ಮಾರ್ಗದರ್ಶಿ. ನಾಯಿಗಳು ಅಟ್ಟಿ ತಂದ ಕರಡಿಯನ್ನು ಕಾಲಿಯರನು ಕೋವಿಯ ಹಿಡಿಯಿಂದ ಹೊಡೆದು, ಮರಕ್ಕೆ ಕಟ್ಟಿ, ಅಧ್ಯಕ್ಷರನ್ನು ಕರೆಸಿದನು. ಕಟ್ಟಿಹಾಕಿದ ಪ್ರಾಣಿಗೆ ಗುಂಡು ಹಾರಿಸುವುದು ಬೇಟೆಗಾರನಿಗೆ ಮರ್ಯಾದೆಯಲ್ಲವೆಂದು ರೂಸ್‌ವೆಲ್ಟರು ನಿರಾಕರಿಸಿದರು. ಬೆರಿಮನ್ ಎಂಬ ಚಿತ್ರಕಾರನು ಇದನ್ನು ವಾಷಿಂಗ್ಟನ್ ಪತ್ರಿಕೆಯೊಂದರಲ್ಲಿ ವ್ಯಂಗ್ಯಚಿತ್ರವಾಗಿ ಬರೆದನು. ಬ್ರೂಕ್ಲಿನ್ನಿನ ಅಂಗಡಿಯವನೊಬ್ಬನು ಅದನ್ನು ನೋಡಿ ಬಟ್ಟೆಯ ಕರಡಿಯನ್ನು ಮಾಡಿ ಮಾರಾಟಕ್ಕಿಟ್ಟನು. ನಮ್ಮ ಮಕ್ಕಳು ಕೂಡ ಅಪ್ಪಿಕೊಂಡು ಮಲಗುವ ‘ಟೆಡ್ಡಿ’ ಕರಡಿಯ ಜನ್ಮಕಥೆ ಇದು.

ಆದರೆ ಕಥೆಯ ಉಳಿದರ್ಧವನ್ನು ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಆ ಕರಡಿ ಬದುಕಲಿಲ್ಲ. ಅದು ಆಗಲೇ ಪೆಟ್ಟು ತಿಂದು ನರಳುತ್ತಿತ್ತು. ಅದರ ಸಂಕಟವನ್ನು ಮುಗಿಸಿರೆಂದು ರೂಸ್‌ವೆಲ್ಟರೇ ಹೇಳಿದರು. ಇನ್ನೊಬ್ಬನು ಚೂರಿಯಿಂದ ಅದನ್ನು ಕೊಂದನು. ಅವರು ಹಾಗೆ ಹೇಳಿದುದು ತಪ್ಪೆಂದು ನಮಗೆ ತೋರುವುದಿಲ್ಲ. ಅರೆಜೀವವಾದ ಪ್ರಾಣಿಯನ್ನು ಕಾಡಿಗೆ ಬಿಡುವುದು ದಯೆಯಲ್ಲ. ಈ ಘಟನೆಯಲ್ಲಿ ಎರಡು ನೀತಿಗಳಿವೆ: ನ್ಯಾಯವಲ್ಲದ ಈಡನ್ನು ಹಾರಿಸದಿರುವುದು ಒಂದು, ಒಮ್ಮೆ ಗಾಯಗೊಂಡ ಪ್ರಾಣಿಯನ್ನು ನೋವಿನಲ್ಲಿ ಬಿಟ್ಟು ಹೋಗದಿರುವುದು ಇನ್ನೊಂದು. ಲೋಕವು ಮೊದಲನೆಯದನ್ನು ಕೊಂಡಾಡಿತು. ಎರಡನೆಯದನ್ನು ಮರೆತುಬಿಟ್ಟಿತು.

ಮರೆತ ಆ ಎರಡನೆಯ ನೀತಿಯನ್ನು ಕಾಲಕ್ರಮದಲ್ಲಿ ಕಾಯಿದೆಯು ಕೈಗೆತ್ತಿಕೊಂಡಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ವನ್ಯಜೀವಿ ಕಾಯಿದೆಯ ಪ್ರಕಾರ, ಮೃಗವನ್ನು ಕೊಂದವನು ಅಥವಾ ಗಾಯಗೊಳಿಸಿದವನು ಅದನ್ನು ಹುಡುಕಿ ಪಡೆಯಲು ಸಾಧ್ಯವಾದ ಎಲ್ಲ ಪ್ರಯತ್ನವನ್ನೂ ಮಾಡತಕ್ಕದ್ದು. ಅದು ಜೀವಂತವಾಗಿದ್ದರೆ ಕೊಂದು, ತನಗೆ ಗೊತ್ತುಮಾಡಿರುವ ಸಂಖ್ಯೆಯಲ್ಲಿ ಸೇರಿಸಿಕೊಳ್ಳತಕ್ಕದ್ದು. ಮಾಡದಿದ್ದರೆ ಅಪರಾಧ. ಕಪ್ಪು ಕರಡಿಯ ತಿನ್ನತಕ್ಕ ಮಾಂಸವನ್ನು ಕಾಡಿನಿಂದ ತರಬೇಕೆಂಬ ಕಟ್ಟಳೆಯೂ ಅಲ್ಲಿದೆ. ಅಲಾಸ್ಕದ ಆಗ್ನೇಯ ಭಾಗದಲ್ಲಿ ಗಾಯಗೊಂಡು ತಪ್ಪಿಸಿಕೊಂಡ ಕರಡಿಯನ್ನೂ ಬೇಟೆಗಾರನ ಲೆಕ್ಕಕ್ಕೆ ಹಿಡಿಯುತ್ತಾರೆ. ಅದು ಕೈಗೆ ಸಿಕ್ಕಲಿಲ್ಲವೆಂದು ಇನ್ನೊಂದನ್ನು ಹೊಡೆಯುವಂತಿಲ್ಲ. ಅಲಾಸ್ಕದ ಬಹುಭಾಗದಲ್ಲಿ ಜನವರಿಯಿಂದ ಮೇ ತಿಂಗಳ ಕೊನೆಯವರೆಗೆ ಕೊಂದ ಕಪ್ಪು ಕರಡಿಯ ಮಾಂಸವನ್ನು ತರಲೇಬೇಕು. ತೊಗಲಿಗೆ ಬೆಲೆಯುಳ್ಳ, ಮಾಂಸ ಬಡಕಲಾದ ಋತು ಇದೇ ಎಂಬುದನ್ನು ನೆನೆದರೆ, ಕಾಯಿದೆಯು ದುರಾಸೆಯ ಜಾಗವನ್ನೇ ನೋಡಿ ಬೀಗ ಹಾಕಿರುವುದು ತಿಳಿಯುತ್ತದೆ. ಎಲ್ಲ ಕಡೆಯೂ ಹೀಗಿಲ್ಲ. ಐಡಾಹೋ ಸಂಸ್ಥಾನದಲ್ಲಿ ಕರಡಿಯ ಮಾಂಸವನ್ನು ತರಬೇಕೆಂಬ ನಿರ್ಬಂಧವಿಲ್ಲ. ಒಂದೇ ಪ್ರಾಣಿ, ಗಡಿಯ ಈಚೆಗೆ ಬಿಟ್ಟುಬಂದರೆ ಅಪರಾಧ, ಆಚೆಗೆ ಅಲ್ಲ.

ಹೊಡೆದುದನ್ನು ಹುಡುಕಿ ತರುವುದು ಹೇಳುವಷ್ಟು ಸುಲಭವಲ್ಲ. ಕರಡಿಯ ಕೊಬ್ಬೂ ದಟ್ಟವಾದ ರೋಮವೂ ಸೇರಿ ಗಾಯದ ಬಾಯನ್ನು ಮುಚ್ಚಿಬಿಡುತ್ತವೆ. ರಕ್ತವು ನೆಲಕ್ಕೆ ಬೀಳುವುದು ಅಲ್ಪ. ಜಿಂಕೆಯ ಜಾಡನ್ನು ಹಿಡಿಯಬಲ್ಲವನು ಕರಡಿಯ ಜಾಡಿನಲ್ಲಿ ಸೋಲುತ್ತಾನೆ. ಗಾಯಗೊಂಡ ಕರಡಿಯು ನುಗ್ಗುವುದು ದಟ್ಟವಾದ ಪೊದೆಗೆ. ಆ ಪೊದೆಯೊಳಗೆ ಹಿಂಬಾಲಿಸುವುದು ಪ್ರಾಣಭಯದ ಕೆಲಸ. ಅನುಭವಿಗಳು ಈಡು ಬಿದ್ದ ಮೇಲೆ ಅರ್ಧ ಗಂಟೆಯಾದರೂ ಕಾಯುತ್ತಾರೆ. ಕೂಡಲೇ ಬೆನ್ನಟ್ಟಿದರೆ ಸಾಯುತ್ತಿರುವ ಪ್ರಾಣಿಯೂ ಎದ್ದು ಮೈಲಿಗಟ್ಟಲೆ ಹೋಗಬಹುದು. ಆದರೆ ವಸಂತದ ಹಗಲು ಬೆಚ್ಚಗಾದರೆ ಹೆಚ್ಚು ಕಾಯುವಂತಿಲ್ಲ, ಮಾಂಸ ಕೆಡುತ್ತದೆ. ಸಿಕ್ಕಿದ ಮೇಲೆಯೂ ಕೆಲಸ ಮುಗಿಯುವುದಿಲ್ಲ. ಸುಲಿದು, ಭಾಗ ಮಾಡಿ, ಹಿಮ ಕರಗಿ ಉಕ್ಕುತ್ತಿರುವ ಹಳ್ಳಗಳನ್ನು ದಾಟಿಕೊಂಡು, ಎರಡು ಮೂರು ಸಲ ಬೆನ್ನ ಮೇಲೆ ಹೊತ್ತು ತರಬೇಕು. ತಂದ ಮಾಂಸದಲ್ಲಿ ಒಂದು ಬಗೆಯ ಹುಳುವಿನ ಮರಿಗಳಿರಬಹುದಾದುದರಿಂದ ಚೆನ್ನಾಗಿ ಬೇಯಿಸದೆ ತಿನ್ನುವಂತಿಲ್ಲ.

ಆದುದರಿಂದ ಒಳ್ಳೆಯ ಬೇಟೆಗಾರರು ಹೊಸಬರಿಗೆ ಕಲಿಸುವ ಪಾಠವೊಂದುಂಟು. ಕಣಿವೆಯ ಆಚೆಯ ದಡದಲ್ಲಿ ಕರಡಿ ಕಂಡಾಗ ಮೊದಲು ಯೋಚಿಸಬೇಕಾದುದು ಗುಂಡು ಅಲ್ಲಿಗೆ ಮುಟ್ಟುವುದೇ ಎಂದಲ್ಲ. ತಾನು ಅಲ್ಲಿಗೆ ಮುಟ್ಟುವೆನೇ, ಹಗಲು ಇನ್ನೆಷ್ಟು ಉಳಿದಿದೆ, ಬಿದ್ದುದನ್ನು ಹೊತ್ತು ತರುವ ದಾರಿ ಯಾವುದು ಎಂದು. ಉತ್ತರ ತಿಳಿಯದಿದ್ದರೆ ಕೋವಿಯನ್ನು ಕೆಳಗಿಳಿಸಬೇಕು. ಹುಡುಕಿ ತರುವ ಹೊಣೆಯು ಗುಂಡು ಹಾರಿದ ಮೇಲೆ ಪ್ರಾರಂಭವಾಗುವುದೆಂದು ನಾವು ಹೊರಗಿನವರು ತಿಳಿದಿರುತ್ತೇವೆ. ವಾಸ್ತವದಲ್ಲಿ ಅದು ಗುಂಡು ಹಾರುವ ಮುಂಚೆಯೇ ತೀರ್ಮಾನವಾಗಬೇಕಾದ ಮಾತು. ಈ ಒಂದು ವಿವೇಕವನ್ನು ಮುಂದಿನ ಪ್ರಶ್ನೆಗೂ ಅನ್ವಯಿಸಿ ನೋಡಬೇಕಾಗಿದೆ.

ಆ ಪ್ರಶ್ನೆಯು ಮರಿಗಳದು. ನಮ್ಮ ನಾಡಿನ ಕರಡಿಯು ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ತಿರುಗುವುದು. ತಾಯಿಯನ್ನು ನೋಡಿದವನು ಮರಿಯನ್ನೂ ನೋಡುವನು. ಅಮೆರಿಕಾದ ಕಪ್ಪು ಕರಡಿಯ ರೀತಿ ಬೇರೆ. ಅದು ಮರಿಗಳನ್ನು ದೊಡ್ಡ ಮರವೊಂದಕ್ಕೆ ಹತ್ತಿಸಿ, ತಾನು ಮೇವು ಹುಡುಕಿಕೊಂಡು ದೂರ ಹೋಗುವುದುಂಟು. ಬೇಟೆಗಾರನ ಕಣ್ಣಿಗೆ ಅದು ಒಂಟಿ ಕರಡಿ. ಗಂಡೋ ಹೆಣ್ಣೋ ಎಂಬುದೂ ದೂರದಿಂದ ಸುಲಭವಾಗಿ ತಿಳಿಯುವುದಿಲ್ಲ. ಮರಿಗಳಿರುವ ಹೆಣ್ಣನ್ನು ಹೊಡೆಯಬಾರದೆಂದು ವಸಂತದ ಬೇಟೆಗೆ ಅನುಮತಿಯಿರುವ ಕಡೆಗಳಲ್ಲಿ ಸಾಮಾನ್ಯವಾಗಿ ನಿಯಮವಿದೆ. ಆದರೆ ಕಾಣದ ಮರಿಯನ್ನು ನಿಯಮವು ಹೇಗೆ ಕಾಯಬಲ್ಲುದು? ಏಪ್ರಿಲ್ ಮೇ ತಿಂಗಳಲ್ಲಿ ಮರಿಗೆ ಮೂರು ನಾಲ್ಕು ತಿಂಗಳ ವಯಸ್ಸು. ತಾಯಿಯ ಹಾಲನ್ನೇ ನಂಬಿರುವುದು. ಶರತ್ಕಾಲದ ಹೊತ್ತಿಗಾದರೆ ಅದು ತಾನಾಗಿ ಬದುಕುವ ಸಂಭವವಾದರೂ ಉಂಟು. ವಸಂತದಲ್ಲಿ ಇಲ್ಲ.

ಈ ಒಂದು ವಿಷಯವೇ ಕಾಯಿದೆಗಳನ್ನು ಅಲುಗಿಸಿತು. 1992ರಲ್ಲಿ ಕೊಲರಾಡೋ ಸಂಸ್ಥಾನದ ಮತದಾರರು, ಹತ್ತರಲ್ಲಿ ಸುಮಾರು ಏಳು ಜನ, ಮಾರ್ಚಿ 1ರಿಂದ ಸೆಪ್ಟೆಂಬರ್ 1ರವರೆಗೆ ಕರಡಿಬೇಟೆ ಕೂಡದೆಂದು ಮತ ಹಾಕಿದರು. ಆಮಿಷವಿಟ್ಟು ಹೊಡೆಯುವುದನ್ನೂ ನಾಯಿ ಬಿಟ್ಟು ಅಟ್ಟುವುದನ್ನೂ ಅದರ ಜೊತೆಗೇ ತಡೆದರು. ಆಂಟೇರಿಯೋ ಪ್ರಾಂತವು 1999ರಲ್ಲಿ ವಸಂತದ ಬೇಟೆಯನ್ನು ನಿಲ್ಲಿಸಿತು; ತಬ್ಬಲಿ ಮರಿಗಳ ಮಾತೇ ಆಗ ಎಲ್ಲಕ್ಕಿಂತ ಮುಂದೆ ನಿಂತಿತ್ತು. ಅದೇ ಪ್ರಾಂತವು 2014ರಲ್ಲಿ ಕೆಲವು ಭಾಗಗಳಲ್ಲಿ ಪ್ರಯೋಗವಾಗಿ ಅದನ್ನು ಮತ್ತೆ ತೆರೆದು, 2021ರಲ್ಲಿ ಖಾಯಂಗೊಳಿಸಿತು. ವಾಷಿಂಗ್ಟನ್ ಸಂಸ್ಥಾನದ ವನ್ಯಜೀವಿ ಆಯೋಗವು 2022ರ ನವೆಂಬರಿನಲ್ಲಿ ವಿನೋದಕ್ಕಾಗಿ ನಡೆಯುವ ವಸಂತದ ಬೇಟೆಯನ್ನು 5-4 ಮತಗಳಿಂದ ನಿಲ್ಲಿಸಿತು. ಒಂದೇ ಒಂದು ಮತದ ಅಂತರ! ಪ್ರಶ್ನೆಯು ಎಷ್ಟು ಸಮತೂಕದಲ್ಲಿ ನಿಂತಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಬೇಟೆಗಾರರ ಪಕ್ಷದಲ್ಲಿಯೂ ಹೇಳತಕ್ಕ ಮಾತುಗಳಿವೆ. ಅವನ್ನು ಮರೆಮಾಡುವುದು ನ್ಯಾಯವಲ್ಲ. ಗಂಡುಗಳು ಮೊದಲು ಹೊರಬರುವುದರಿಂದ ಋತುವಿನ ಆರಂಭದಲ್ಲಿ ಕೊಲ್ಲಲ್ಪಡುವುವು ಹೆಚ್ಚಾಗಿ ಗಂಡುಗಳೇ ಎಂದು ಅವರು ಹೇಳುತ್ತಾರೆ. ಪೆಸಿಫಿಕ್ ತೀರದ ಕಾಡುಗಳಲ್ಲಿ ವಸಂತದ ಕರಡಿಗಳು ಎಳೆಯ ಮರಗಳ ತೊಗಟೆಯನ್ನು ಸುಲಿದು ಒಳಗಿನ ಸಿಹಿಯಾದ ಪದರವನ್ನು ತಿಂದು ನೆಡುತೋಪುಗಳನ್ನು ಹಾಳುಮಾಡುವುದು ನಿಜ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯಿಂದ ಬಂದೂಕು ಮದ್ದುಗುಂಡುಗಳ ಮೇಲಿನ ಸುಂಕವು ವನ್ಯಜೀವಿಗಳ ರಕ್ಷಣೆಗೆ ವಿನಿಯೋಗವಾಗುತ್ತ ಬಂದಿರುವುದೂ ನಿಜ. ಇನ್ನೊಂದು ವಿಚಿತ್ರವಾದ ಸಂಗತಿಯಿದೆ. ಆಮಿಷವಿಟ್ಟು ಹೊಡೆಯುವುದು ನ್ಯಾಯವಾದ ಬೇಟೆಯಲ್ಲವೆಂದು ಅನೇಕರು ಹಳಿಯುತ್ತಾರೆ. ಆದರೆ ಆಮಿಷದ ಬಳಿ ಬಂದು ನಿಧಾನವಾಗಿ ತಿನ್ನುವ ಕರಡಿಯನ್ನು ಹತ್ತಿರದಿಂದ ಬಹಳ ಹೊತ್ತು ನೋಡಬಹುದು, ಹಾಲೂಡುವ ತಾಯಿಯನ್ನು ಗುರುತಿಸಬಹುದು, ಸರಿಯಾದ ಜಾಗಕ್ಕೆ ಗುರಿಯಿಡಬಹುದು. ಬೇಟೆಗಾರನ ಪೌರುಷಕ್ಕೆ ಕುಂದೆನಿಸುವ ಕ್ರಮವೇ ಪ್ರಾಣಿಗೆ ಕಡಿಮೆ ನೋವಿನದಾಗಬಹುದು. ಪೌರುಷವೂ ದಯೆಯೂ ಯಾವಾಗಲೂ ಒಂದೇ ದಾರಿಯಲ್ಲಿ ನಡೆಯುವುದಿಲ್ಲ.

ನಗರಗಳಲ್ಲಿ ಕುಳಿತ ನಮ್ಮಂತಹವರು ಇದನ್ನೆಲ್ಲ ಕೇಳಿ, ಬೇಟೆಯೇ ಇಲ್ಲದಿದ್ದರೆ ಈ ತೊಡಕುಗಳೇ ಇರುತ್ತಿರಲಿಲ್ಲವೆಂದು ಹೇಳಿ ಎದ್ದುಬಿಡಬಹುದು. ಅಷ್ಟು ಸುಲಭವಾಗಿ ನಾವು ಪಾರಾಗಲಾರೆವೆಂದು ತೋರುತ್ತದೆ. ನಾವು ಮೆಟ್ಟುವ ಜೋಡು ಯಾವ ಪ್ರಾಣಿಯದೆಂದು ನಮಗೆ ತಿಳಿಯದು. ಹೊಲಕ್ಕೆ ಹಾಕಿದ ವಿದ್ಯುತ್ತಿನ ಬೇಲಿಗೆ ತಗುಲಿ ಸತ್ತ ಪ್ರಾಣಿಯ ಸುದ್ದಿಯನ್ನು ಓದಿ ಪುಟ ತಿರುಗಿಸುತ್ತೇವೆ. ನಮ್ಮ ಬಾಣಗಳನ್ನು ನಮ್ಮ ಪರವಾಗಿ ಬೇರೆಯವರು ಬಿಡುತ್ತಾರೆ. ಅವುಗಳ ಹಿಂದೆ ಹೋಗುವ ಕಷ್ಟವು ನಮಗೆ ಒದಗಿಯೇ ಇಲ್ಲ. ಹಿಮದಲ್ಲಿ ಮಂಡಿಯೂರಿ ಒಂದು ಹನಿ ರಕ್ತಕ್ಕಾಗಿ ಎಲೆಗಳನ್ನು ತಿರುವಿ ನೋಡುತ್ತಿರುವ ಬೇಟೆಗಾರನಲ್ಲಿ, ಆ ಒಂದು ವಿಷಯದಲ್ಲಾದರೂ, ನಮ್ಮಲ್ಲಿಲ್ಲದ ಒಂದು ಪ್ರಾಮಾಣಿಕತೆಯಿದೆ.

ಹೀಗಿದ್ದರೂ ವಸಂತದ ಬೇಟೆಯ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಬೇಟೆಗಾರರು ತಾವೇ ಒಪ್ಪಿಕೊಂಡಿರುವ ನಿಯಮದಿಂದಲೇ ಅದು ಹೊರಡುತ್ತದೆ. ಹೊತ್ತು ತರಲಾರದ ಜಾಗದಲ್ಲಿ ಹೊಡೆಯಬಾರದೆಂಬುದು ಅವರ ಪಾಠ. ಮಾಂಸವನ್ನು ಹೊತ್ತು ತರಬಹುದು, ತೊಗಲನ್ನು ತರಬಹುದು, ಗಾಯಗೊಂಡುದನ್ನು ಮೂರು ದಿನ ಹುಡುಕಿಯಾದರೂ ತರಬಹುದು. ಕಾಯಿದೆಯು ಕೇಳಬಹುದಾದುದು ಅಷ್ಟೇ. ಬಲ್ಲ ಬೇಟೆಗಾರನು ಅಷ್ಟನ್ನೂ ಸಲ್ಲಿಸಬಲ್ಲನು. ಆದರೆ ಎಲ್ಲೋ ಒಂದು ಮರದ ಮೇಲೆ ಕಾದಿರುವ ಮರಿಗಳನ್ನು ಅವನು ಹುಡುಕಿ ತರಲಾರನು. ಅವು ಇವೆಯೆಂಬುದೇ ಅವನಿಗೆ ತಿಳಿಯದು. ತನ್ನ ಈಡಿನ ಪರಿಣಾಮವು ತಾನು ಹೋಗಲಾರದ ಕಡೆಗೆ ಹೋಗುವುದೆಂಬ ಸಂದೇಹವಿರುವ ಋತುವಿನಲ್ಲಿ, ತನ್ನ ಹಸಿವಿಗಾಗಿಯಲ್ಲದೆ ಕೇವಲ ವಿನೋದಕ್ಕಾಗಿ ಬಂದವನು, ಕೋವಿಯನ್ನು ಕೆಳಗಿಳಿಸುವುದೇ ಅವನ ಪಾಠಕ್ಕೆ ಒಪ್ಪುವ ನಡತೆ. ಐದಕ್ಕೆ ನಾಲ್ಕು ಮತಗಳಾಗಿ ಒಡೆದುಕೊಂಡ ಆಯೋಗದಲ್ಲಿ ನಾವೂ ಕುಳಿತಿದ್ದರೆ ಐದರ ಕಡೆಗೆ ಸೇರುತ್ತಿದ್ದೆವು. ಆದರೆ ಉಳಿದ ನಾಲ್ವರನ್ನು ಕ್ರೂರಿಗಳೆಂದು ಕರೆಯುತ್ತಿರಲಿಲ್ಲ.

ಸರಯೂ ತೀರದಲ್ಲಿ ಬಿದ್ದ ಹುಡುಗನು ತನಗಾಗಿ ಅಳಲಿಲ್ಲ. ತನ್ನನ್ನೇ ನಂಬಿದ್ದ ಇಬ್ಬರು ಮುದುಕರು ನೀರಡಿಸಿ ಕುಳಿತಿರುವರೆಂಬುದೇ ಅವನ ದುಃಖವಾಗಿತ್ತು. ಅರಸನಿಗೆ ಆ ಆಶ್ರಮದ ದಾರಿಯನ್ನು ತೋರಿಸುವುದಕ್ಕೆ ಹುಡುಗನಲ್ಲಿ ಮಾತಿತ್ತು. ಹುಲ್ಲಿನ ಓರೆಯಲ್ಲಿ ಬಿದ್ದ ಕರಡಿಗೆ ಮಾತಿಲ್ಲ.